ಮೈಥಿಲಮ್ಮನ ಮನೆಗಾಡಿ

ಸನ್ನಿವೇಲ್
ಶುಕ್ರವಾರ, ೧೪ ಮಾರ್ಚ್ ೨೦೨೫

ಉಮಾಶ್ರೀ,

ಎದುರಿಗಿದ್ದಾಗ ಒಂದು ದಿನವೂ ನಿನ್ನ ಹೆಸರು ಹಿಡಿದು ಕರೆದವನಲ್ಲ, ಕಾಗದದಲ್ಲಿ ಮಾತ್ರ ಈ ಧೈರ್ಯ. ನಿನ್ನ ಮೊಣಕಾಲು ಹೇಗಿದೆ? ಬಾಣಂತಿಯ ಮನೆಯಲ್ಲಿ ಕೂತು ಏಳುವ ಕೆಲಸವೇ ಹೆಚ್ಚು. ಎಣ್ಣೆ ಹಚ್ಚಿಕೊಳ್ಳುವುದನ್ನು ಬಿಟ್ಟಿರುತ್ತೀ, ನನಗೆ ಗೊತ್ತು. ರಮಾ ತವರಿನ ಊಟ ಹೊಟ್ಟೆ ತುಂಬ ಉಣ್ಣುತ್ತಿದ್ದಾಳೆಯೇ? ಮೊಮ್ಮಗನ ಫೋಟೊ ನೋಡಿದೆ. ಮೂಗು ಮಾತ್ರ ನಿಮ್ಮ ಅಪ್ಪನದೇ, ಅದಕ್ಕೆ ಯಾರೂ ಏನೂ ಮಾಡುವಂತಿಲ್ಲ. ನಾನು ಆರೋಗ್ಯವಾಗಿದ್ದೇನೆ. ಬಿ.ಪಿ. ಗುಳಿಗೆ ತಪ್ಪಿಸಿಲ್ಲ. ನಿನ್ನ ಮಗಳು ವಿಭಾ ಮಾಡುವ ರೊಟ್ಟಿ ಇನ್ನೂ ದುಂಡಗಾಗಿಲ್ಲ, ಆದರೆ ರುಚಿಗೆ ಕೊರತೆಯಿಲ್ಲ.

ದಿನಾ ಫೋನಿನಲ್ಲಿ ಮಾತಾಡುತ್ತೇವಲ್ಲ, ಮತ್ತೆ ಕಾಗದ ಯಾಕೆ ಎನ್ನುತ್ತೀ. ಒಂದು ಸಂಗತಿಯನ್ನು ಮೂರು ವಾರದಿಂದ ನಿನಗೆ ಹೇಳದೆ ಮುಚ್ಚಿಟ್ಟಿದ್ದೇವೆ. ಎಳೆಗೂಸಿನ ಮನೆಗೆ ಇಂಥ ಸುದ್ದಿ ಬೇಡ ಎಂದು ವಿಭಾ ಹೇಳಿದಳು, ನಾನೂ ಒಪ್ಪಿದೆ. ಈಗ ತಡೆದುಕೊಳ್ಳಲು ಆಗುತ್ತಿಲ್ಲ. ಅಳಿಯ ವಿಕಾಸನ ಗೆಳೆಯನೊಬ್ಬ ನಾಳೆ ಹುಬ್ಬಳ್ಳಿಗೆ ಹೊರಟಿದ್ದಾನೆ, ಅವನ ಕೈಯಲ್ಲಿ ಕಳಿಸುತ್ತೇನೆ. ಮೊದಲೇ ಹೇಳಿಬಿಡುತ್ತೇನೆ, ಮೊಮ್ಮಗಳು ತನ್ವಿ ಚೆನ್ನಾಗಿದ್ದಾಳೆ. ಈಗ ನನ್ನ ಎದುರಿಗೇ ಕೂತು ಆನೆಯ ಚಿತ್ರಕ್ಕೆ ಹಸಿರು ಬಣ್ಣ ಹಚ್ಚುತ್ತಿದ್ದಾಳೆ. ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದೆ ಓದು.

ವಿಕಾಸನಿಗೆ ಚಳಿಗಾಲದಿಂದ ಒಂದು ಹುಚ್ಚು ಹತ್ತಿತ್ತು. ಇಲ್ಲಿ ಮೋಟರ್‌ಹೋಮ್ ಎಂಬ ಗಾಡಿ ಇದೆ. ನಮ್ಮ ಮಿನಿ ಬಸ್ಸಿನಷ್ಟು ಉದ್ದ. ಒಳಗೇ ಒಲೆ, ಹಾಸಿಗೆ, ಬಚ್ಚಲು ಎಲ್ಲ. ನಾನು ಅದಕ್ಕೆ ಮನೆಗಾಡಿ ಎಂದು ಹೆಸರಿಟ್ಟೆ. “ಸಮ್ಮರ್‌ನಲ್ಲಿ ತನ್ವೀನ ಕರ್ಕೊಂಡು ಒಂದು ತಿಂಗಳು ಸುತ್ತೋಣ ಮಾವ, ಅತ್ತೆ ಬಂದ್ಮೇಲೆ ಅವರನ್ನೂ ಕೂರಿಸ್ಕೊಂಡು ಹೋಗೋಣ” ಎನ್ನುತ್ತಿದ್ದ. ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಒಂದು ಹಳೆಯ ಗಾಡಿ ಮಾರಾಟಕ್ಕಿದೆ ಎಂದು ಕಂಡಿತು. ವಾಲ್ನಟ್ ಕ್ರೀಕಿನ ಮೈಥಿಲಮ್ಮ ಎಂಬವರದು. ಮೈಸೂರಿನವರು, ಇಲ್ಲಿಗೆ ಬಂದು ನಲವತ್ತು ವರ್ಷ ಮೇಲಾಯಿತು. ಅವರ ಯಜಮಾನರು ಕಣ್ಣಿನ ಡಾಕ್ಟರು, ಅನಂತಪದ್ಮನಾಭ ಎಂದು. ನಾಲ್ಕು ವರ್ಷದ ಹಿಂದೆ ಆಸ್ಪತ್ರೆಯಲ್ಲಿ, ಹೃದಯದ ತೊಂದರೆಯಿಂದ ತೀರಿಕೊಂಡರು. ಗಾಡಿಗೆ ಇಪ್ಪತ್ತು ವರ್ಷ, ಪೆಟ್ರೋಲ್ ಎಂಜಿನ್. “ಬರೀ ಥರ್ಟಿ ವನ್ ಥೌಸಂಡ್ ಮೈಲ್ಸು ಮಾವ! ಹೊಸಾ ಗಾಡಿ ಥರಾನೇ” ಎಂದು ವಿಕಾಸ ಕುಣಿದ. ನನಗೆ ನಗು ಬಂತು. ಓಡಿದ ಎಂಜಿನ್ನಿಗಿಂತ ನಿಂತ ಎಂಜಿನ್ನು ಬೇಗ ಮುಪ್ಪಾಗುತ್ತದೆ. ಎಣ್ಣೆ ಎಲ್ಲ ಕೆಳಗಿಳಿದು ಕೂರುತ್ತದೆ, ಸೀಲುಗಳು ಒಣಗುತ್ತವೆ, ರಬ್ಬರ್ ಪೈಪು ಬಿರಿಯುತ್ತದೆ, ಟ್ಯಾಂಕಿನ ಪೆಟ್ರೋಲು ಅಂಟಾಗುತ್ತದೆ. ಮೈಲಿ ನೋಡಿ ಮರುಳಾಗಬೇಡ, ನಿಂತಾಗ ಅದನ್ನು ಯಾರು ನೋಡಿಕೊಂಡರು ಎಂದು ಕೇಳು ಅಂದೆ. “ಅದಕ್ಕೇ ನೀವು ಬರ್ಬೇಕು ಮಾವ” ಎಂದ. ಬಸ್ ಡಿಪೋದಲ್ಲಿ ಮೂವತ್ತನಾಲ್ಕು ವರ್ಷ ಕೈ ಕಪ್ಪು ಮಾಡಿಕೊಂಡವನಿಗೆ ಇಲ್ಲಿ ಪಾತ್ರೆ ಜೋಡಿಸುವುದು ಬಿಟ್ಟು ಬೇರೆ ಕೆಲಸ ಇರಲಿಲ್ಲ. ಹಿಗ್ಗಿನಿಂದಲೇ ಹೊರಟೆ.

ಅವತ್ತು ಭಾನುವಾರ, ಮಧ್ಯಾಹ್ನ. ಮನೆಯ ಪಕ್ಕದ ಜಾಗದಲ್ಲಿ ಗಾಡಿ ನಿಂತಿತ್ತು, ಟೈರಿಗೆಲ್ಲ ಬಿಳಿ ಬಟ್ಟೆಯ ಮುಸುಕು. ಮೈಥಿಲಮ್ಮ ಎಪ್ಪತ್ತೈದರ ಹೆಂಗಸು, ಬಿಳೀ ಕೂದಲು, ಕೈಮಗ್ಗದ ಸೀರೆಯ ಮೇಲೆ ಉಣ್ಣೆಯ ಕೋಟು. ತುಂಬ ಮೆತ್ತಗಿನ ಮಾತು. ಕಣ್ಣ ಸುತ್ತ ಕಪ್ಪು ಕಟ್ಟಿತ್ತು. “ಇವರು ಹೋದ್ಮೇಲೆ ಗಾಡಿ ಈ ಜಾಗ ಬಿಟ್ಟು ಅಲ್ಲಾಡಿಲ್ಲ” ಎಂದರು. ಆದರೆ ಒಳಗೆ ಹತ್ತಿ ಬಾನೆಟ್ಟಿನ ಮೇಲೆ ಕೈಯಿಟ್ಟರೆ ಬೆಚ್ಚಗಿತ್ತು. ನಮ್ಮ ಹಳೆಯ ಬಸ್ಸುಗಳಲ್ಲಿ ಡ್ರೈವರಿನ ಪಕ್ಕಕ್ಕೇ ಎಂಜಿನ್ ಇರುತ್ತಿತ್ತಲ್ಲ, ಇದರಲ್ಲೂ ಹಾಗೇ. ಮುಂದಿನ ಎರಡು ಸೀಟಿನ ನಡುವೆ, ಗಾಡಿಯ ಒಳಗೇ ಎಂಜಿನ್ನಿನ ಮುಚ್ಚಳ. ಬಿಸಿ ಯಾಕಿದೆ ಅಕ್ಕಾರ ಎಂದೆ. ಅವರು, “ಪ್ರತಿ ಭಾನುವಾರ ಸ್ಟಾರ್ಟ್ ಮಾಡಿ ಒಂದು ಗಂಟೆ ಒಳಗೆ ಕೂತ್ಕೋತೀನಿ. ನಿಲ್ಲಿಸಿಟ್ಟರೆ ಎಂಜಿನ್ ಕೆಡುತ್ತೆ ಅಂತ ಇವರು ಹೇಳ್ಕೊಟ್ಟಿದ್ರು” ಎಂದರು.

ಆಮೇಲೆ ಒಂದು ಪುಸ್ತಕ ತಂದುಕೊಟ್ಟರು. ಉಮಾಶ್ರೀ, ಅಂಥ ಪುಸ್ತಕ ನಾನು ಡಿಪೋದಲ್ಲೂ ನೋಡಿಲ್ಲ. ಮೊದಲ ದಿನದಿಂದ ಪ್ರತಿಯೊಂದು ಕೆಲಸವನ್ನೂ ಡಾಕ್ಟರು ಕನ್ನಡದಲ್ಲಿ, ಮುತ್ತು ಪೋಣಿಸಿದಂಥ ಅಕ್ಷರದಲ್ಲಿ ಬರೆದಿಟ್ಟಿದ್ದರು. ಗಾಡಿ ಓಡಿರಲಿ ಬಿಡಲಿ, ವರ್ಷಕ್ಕೊಮ್ಮೆ ಎಣ್ಣೆ, ಫಿಲ್ಟರು. ರೇಡಿಯೇಟರಿನ ನೀರು ಯಾವಾಗ ಬದಲಿಸಿದ್ದು, ಬೆಲ್ಟು ಯಾವಾಗ, ಪ್ಲಗ್ಗು ಯಾವಾಗ. ಡಿಪ್‌ಸ್ಟಿಕ್ ಎಳೆದು ನೋಡಿದರೆ ಎಣ್ಣೆ ಜೇನಿನ ಬಣ್ಣ. ಒಂದು ಪ್ಲಗ್ ಬಿಚ್ಚಿದೆ, ತಿಳಿ ಕಂದು, ಆರೋಗ್ಯವಂತನ ನಾಲಿಗೆಯ ಹಾಗೆ. ಇದು ಇನ್ನೂ ಒಂದು ಲಕ್ಷ ಮೈಲಿ ಓಡುತ್ತದೆ ಎಂದು ಮನಸ್ಸು ಹೇಳಿತು. ಪುಸ್ತಕದ ಕೊನೆಯ ಪುಟಗಳಲ್ಲಿ ಅಕ್ಷರ ಬೇರೆ, ಮೈಥಿಲಮ್ಮನದು. ಭಾನುವಾರ, ಒಂದು ಗಂಟೆ, ಹಾಡಿದರು. ಭಾನುವಾರ, ಮುಕ್ಕಾಲು ಗಂಟೆ, ಹಾಡಿದರು. ಭಾನುವಾರ, ಒಂದು ಗಂಟೆ, ಹಾಡಲಿಲ್ಲ, ಕಿಟಕಿ ತೆಗೆದಿತ್ತು. ಹೀಗೇ ಪುಟಗಟ್ಟಲೆ. ರೇಡಿಯೋದ ಲೆಕ್ಕ ಇಟ್ಟಿರಬೇಕು, ವಯಸ್ಸಾದವರು ಎಂದುಕೊಂಡು ಪುಟ ಮಗುಚಿದೆ.

ಬಿಸಿಯಾದ ಎಂಜಿನ್ನಿನ ಮಾತು ನಂಬಬಾರದು. ತಣ್ಣಗಿದ್ದಾಗ ಹೊಡೆಯುವ ಸದ್ದೇ ನಿಜವಾದದ್ದು. ಅದಕ್ಕೇ ಬುಧವಾರ ಬೆಳಿಗ್ಗೆ ಬರುತ್ತೇವೆ, ಅಲ್ಲಿಯವರೆಗೆ ಸ್ಟಾರ್ಟ್ ಮಾಡಬೇಡಿ ಎಂದು ಹೇಳಿ ಬಂದೆವು. ಆ ವಾರ ತನ್ವಿಗೆ ಶಾಲೆ ರಜೆ. ವಿಭಾಳಿಗೆ ಆಫೀಸಿತ್ತು, ವಿಕಾಸ ರಜೆ ಹಾಕಿ ನನ್ನನ್ನೂ ಮಗುವನ್ನೂ ಕರೆದುಕೊಂಡು ಹೋದ. ಕೀ ತಿರುಗಿಸಿದೊಡನೆ ಎಂಜಿನ್ ಹತ್ತಿಕೊಂಡಿತು. ಆದರೆ ಬಲಗಡೆ ಹಿಂದಿನಿಂದ ಸಣ್ಣಗೆ ಟಿಕ್ ಟಿಕ್ ಟಿಕ್ ಎಂದು ಸದ್ದು, ಗೋಡೆಯೊಳಗೆ ಕೂತ ಹಲ್ಲಿಯ ಹಾಗೆ. ಐದು ನಿಮಿಷದಲ್ಲಿ ಬಿಸಿಯೇರಿತು, ಸದ್ದು ನಿಂತಿತು. ಅದೇನೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಸಿಲಿಂಡರಿನಿಂದ ಹೊಗೆ ಹೊರಗೆ ಹೋಗುವ ಎರಕದ ಕೊಳವೆಯ ಒಂದು ಬೋಲ್ಟು ಮುರಿದಿದೆ, ಸಂದಿನಿಂದ ಹೊಗೆ ಸೋರುತ್ತಿದೆ. “ಡೇಂಜರಾ ಮಾವ?” ಎಂದು ವಿಕಾಸ ಕೇಳಿದ. “ಏನಿಲ್ಲೋ, ಇಂಥಾವು ನೂರು ನೋಡೀನಿ. ತೊಗೊಂಡ ಮ್ಯಾಲೆ ಮಾಡಿಸಿದ್ರಾತು” ಎಂದೆ. ಈ ಮಾತನ್ನು ಆಡಿದ ಬಾಯಿ ಇದೇ. ಡೀಸೆಲ್ ಗಾಡಿ, ಬಾಗಿಲಿಲ್ಲದ ಬಸ್ಸು, ಹತ್ತೂ ಕಡೆಯಿಂದ ಗಾಳಿ, ನನ್ನ ಅನುಭವವೆಲ್ಲ ಅಲ್ಲಿಯದು. ಇದು ಪೆಟ್ರೋಲು, ಡಬ್ಬಿಯ ಹಾಗೆ ಮುಚ್ಚಿದ ಗಾಡಿ. ಅದು ಹೊಳೆಯಲಿಲ್ಲ.

ಮೈಥಿಲಮ್ಮ ಗೇಟಿನ ಬಳಿ ನಿಂತು ಕೈ ಬೀಸಿದರು. ಫ್ರೀವೇ ಹಿಡಿದು ಪೂರ್ವಕ್ಕೆ ಹೋದೆವು. ಮಳೆ ಬಿದ್ದು ಗುಡ್ಡಗಳೆಲ್ಲ ಹಸಿರಾಗಿದ್ದವು. ಹೊರಗೆ ಕೊರೆಯುವ ಗಾಳಿ, ಕಿಟಕಿ ಎಲ್ಲ ಮುಚ್ಚಿದ್ದೆವು. ವಿಕಾಸ ಓಡಿಸುತ್ತಿದ್ದ, ನಾನು ಪಕ್ಕದಲ್ಲಿ, ತನ್ವಿ ಹಿಂದಿನ ಮೇಜಿನ ಹತ್ತಿರ ಬೆಲ್ಟು ಹಾಕಿಕೊಂಡು ಕೂತಿದ್ದಳು. ಮೊದಲು “ಅಜ್ಜಾ, ಲುಕ್, ಕೌಸ್!” ಎಂದು ಕೂಗುತ್ತಿದ್ದವಳು ಆಮೇಲೆ ಸುಮ್ಮನಾದಳು. ನಿದ್ದೆ ಬಂದಿರಬೇಕು ಎಂದುಕೊಂಡೆ. ಏರು ಶುರುವಾಯಿತು, ಎಂಜಿನ್ ಜೋರಾಗಿ ಎಳೆಯತೊಡಗಿತು. ನನ್ನ ಹಣೆಯ ಸುತ್ತ ಯಾರೋ ಹಗ್ಗ ಬಿಗಿದ ಹಾಗಾಯಿತು. ವಿಕಾಸ ಎರಡು ಸಲ ಕಣ್ಣುಜ್ಜಿಕೊಂಡ. ಆಗ ನನ್ನ ಬೆನ್ನ ಹಿಂದೆ, ಗಾಡಿಯ ಕೊನೆಯಿಂದ, ಸ್ಪಷ್ಟವಾಗಿ ಒಂದು ದನಿ ಕೇಳಿತು. “ರೈಟ್, ಹೋಗ್ಲಿ, ಹೋಗ್ಲಿ.” ನಮ್ಮ ಕಂಡಕ್ಟರ್ ಸಲೀಮನ ದನಿ. ಶಿರಸಿ ರೂಟಿನ ಸಲೀಮ, ನನ್ನ ಜೊತೆ ಬುತ್ತಿ ಹಂಚಿಕೊಂಡು ಉಂಡವನು. ಅವನ ಮಣ್ಣಿಗೆ ನಾನೇ ಹೋಗಿ ಬಂದು ಹನ್ನೆರಡು ವರ್ಷವಾಯಿತು. ಎಲೆಯಡಿಕೆಯಿಂದ ಒಡೆದ ಅದೇ ಗಂಟಲು. ನನಗೆ ಹೆದರಿಕೆಯೇ ಆಗಲಿಲ್ಲ, ಅದೇ ಈಗ ನನ್ನನ್ನು ಹೆದರಿಸುವುದು. ಸಮಾಧಾನವಾಯಿತು. ಸಲೀಮ ಹಿಂದಿದ್ದಾನೆ, ಇನ್ನು ಕಣ್ಣು ಮುಚ್ಚಬಹುದು ಎನಿಸಿತು.

ಮುಚ್ಚುವ ಮೊದಲು ಅವನನ್ನು ನೋಡೋಣ ಎಂದು ತಿರುಗಿದೆ. ಸಲೀಮ ಇರಲಿಲ್ಲ. ತನ್ವಿ ಬೆಲ್ಟಿಗೆ ಜೋತುಬಿದ್ದಿದ್ದಳು, ತಲೆ ಎದೆಯ ಮೇಲೆ. ಹೆಸರು ಹಿಡಿದು ಕೂಗಿದೆ, ಅಲುಗಲಿಲ್ಲ. “ನಿಲ್ಸೋ! ವಿಕಾಸಾ, ನಿಲ್ಸೋ! ಕಿಡಕಿ ತಗಿ!” ಎಂದು ಅರಚಿದೆ. ಅವನು ರಸ್ತೆಯ ಅಂಚಿಗೆ ಹೇಗೆ ತಂದು ನಿಲ್ಲಿಸಿದನೋ, ನನಗೆ ನೆನಪಿಲ್ಲ. ಎದ್ದರೆ ಕಾಲು ನನ್ನವಲ್ಲ. ತೆವಳಿಕೊಂಡೇ ಹೋಗಿ ಬೆಲ್ಟು ಬಿಚ್ಚಿ ಮಗುವನ್ನು ಎತ್ತಿಕೊಂಡು ಬಾಗಿಲಿನಿಂದ ಹುಲ್ಲಿನ ಮೇಲೆ ಉರುಳಿದೆ. ವಿಕಾಸ ಕೆಳಗಿಳಿದು ವಾಂತಿ ಮಾಡಿಕೊಳ್ಳುತ್ತಲೇ ೯೧೧ಕ್ಕೆ ಫೋನ್ ಮಾಡಿದ. ಆ ಗಾಳಿಯಲ್ಲಿ ಅವಳ ಮುಖ ಒರೆಸುತ್ತ ಎಷ್ಟು ಹೊತ್ತು ಕೂತೆನೋ. ಕೊನೆಗೆ ಒಮ್ಮೆ ಕೆಮ್ಮಿ, “ಅಜ್ಜಾ, ಮೈ ಹೆಡ್ ಹರ್ಟ್ಸ್” ಎಂದಳು. ಉಮಾಶ್ರೀ, ನಾನು ಅಳುವುದನ್ನು ನೀನು ಎರಡೇ ಸಲ ನೋಡಿದ್ದೀ. ಇದು ಮೂರನೆಯದು ಎಂದು ಬರೆದುಕೋ.

ಆಂಬುಲೆನ್ಸಿನವರು ಬೆರಳಿಗೆ ಯಂತ್ರ ಸಿಕ್ಕಿಸಿ ನೋಡಿ, ಮೂವರಿಗೂ ಮುಖಕ್ಕೆ ಆಮ್ಲಜನಕ ಕಟ್ಟಿದರು. ಕಾರ್ಬನ್ ಮೊನಾಕ್ಸೈಡ್ ಎಂದರು. ಬಣ್ಣವಿಲ್ಲ, ವಾಸನೆಯಿಲ್ಲ, ರಕ್ತದೊಳಗೆ ಹೋಗಿ ಕೂತು ಉಸಿರನ್ನು ಕದಿಯುವ ಗಾಳಿ. ಬಿಸಿಗೆ ಸದ್ದಡಗಿದರೂ ಮುರಿದ ಬೋಲ್ಟಿನ ಸಂದಿನಿಂದ ಸೋರುತ್ತಲೇ ಇದ್ದು, ಬಾನೆಟ್ಟಿನ ಮುಚ್ಚಳದ ಸುತ್ತ ಪುಡಿಯಾಗಿದ್ದ ರಬ್ಬರಿನೊಳಗಿಂದ ನೇರ ನಮ್ಮ ಮೂಗಿಗೆ ಬಂದಿತ್ತು. ಇನ್ನು ಹತ್ತು ನಿಮಿಷ ಹೋಗಿದ್ದರೆ ವಿಕಾಸ ಸ್ಟಿಯರಿಂಗಿನ ಮೇಲೇ ಮಲಗುತ್ತಿದ್ದ ಎಂದರು ಆಸ್ಪತ್ರೆಯ ಡಾಕ್ಟರು. ಇಲ್ಲದ ದನಿಗಳು ಕೇಳುವುದುಂಟೇ ಎಂದು ವಿಭಾಳ ಬಾಯಿಂದ ಕೇಳಿಸಿದೆ. ಕೇಳಬಹುದು, ಮೆದುಳಿಗೆ ಉಸಿರು ಸಾಲದಿದ್ದಾಗ ಏನೇನೋ ಆಗುತ್ತದೆ ಎಂದರಂತೆ. ಸಂಜೆಗೆ ಎಲ್ಲರನ್ನೂ ಮನೆಗೆ ಕಳಿಸಿದರು. ವಿಭಾ ನನಗೆ ಒಂದು ಮಾತೂ ಅನ್ನಲಿಲ್ಲ. ಮಗಳ ಹಾಸಿಗೆಯ ಪಕ್ಕ ನೆಲದ ಮೇಲೆ ಮಲಗಿದಳು. ಬೈದಿದ್ದರೆ ಚೆನ್ನಾಗಿತ್ತು.

ಮರುದಿನ ಹಲ್ಲುಜ್ಜುತ್ತಿದ್ದಾಗ ಆ ಪುಸ್ತಕದ ಸಾಲು ಕಣ್ಣೆದುರು ಬಂತು. ಹಾಡಲಿಲ್ಲ, ಕಿಟಕಿ ತೆಗೆದಿತ್ತು. ಬ್ರಷ್ ಕೈಯಲ್ಲೇ ಉಳಿಯಿತು. ಆ ಹೆಣ್ಣುಮಗಳು ನಾಲ್ಕು ವರ್ಷದಿಂದ ಪ್ರತಿ ಭಾನುವಾರ ಎಂಜಿನ್ ಹಚ್ಚಿ, ಕಿಟಕಿ ಮುಚ್ಚಿಕೊಂಡು ಅದರೊಳಗೆ ಕೂತಿದ್ದಾರೆ.

ಶನಿವಾರ ವಿಭಾಳೇ ನನ್ನನ್ನು ವಾಲ್ನಟ್ ಕ್ರೀಕಿಗೆ ಕರೆದೊಯ್ದಳು. ರಸ್ತೆಯಂಚಿನಲ್ಲಿ ನಿಂತ ಗಾಡಿಯನ್ನು, ಕೆಟ್ಟಿದೆ ಎಂದಷ್ಟೇ ಹೇಳಿ, ವಿಕಾಸ ಮೊದಲೇ ಅಲ್ಲಿಗೆ ಎಳೆಸಿ ಕಳಿಸಿದ್ದ. ಮೈಥಿಲಮ್ಮ ಮಗುವಿನ ಸುದ್ದಿ ಕೇಳಿ ಮುಖ ಮುಚ್ಚಿಕೊಂಡು ಅತ್ತರು. ಆಮೇಲೆ ಒಂದೊಂದಾಗಿ ಹೇಳಿದರು. ಡಾಕ್ಟರಿಗೆ ಗಾಡಿ ಓಡಿಸುವಾಗ ಬಾಯಿ ಬಿಚ್ಚದೆ ರಾಗ ಎಳೆಯುವ ಅಭ್ಯಾಸವಂತೆ. ಅವರು ಹೋದ ಮೂರನೆಯ ತಿಂಗಳು, ಎಂಜಿನ್ ಕೆಡಬಾರದು ಎಂದು ಹಚ್ಚಿ ಕೂತಾಗ ಹಿಂದಿನ ಹಾಸಿಗೆಯ ಕಡೆಯಿಂದ ಆ ರಾಗ ಕೇಳಿತಂತೆ. “ಮೊದಲು ಭಯ ಆಯ್ತು ಗುರುಶಾಂತಪ್ಪನವರೇ. ಆಮೇಲೆ ಭಾನುವಾರ ಯಾವಾಗ ಬರುತ್ತೋ ಅಂತ ಕಾಯೋ ಹಾಗಾಯ್ತು.” ವಿಷಗಾಳಿ ಬಂದರೆ ಕಿರುಚುವ ಸಾಧನ ಗಾಡಿಯ ಗೋಡೆಯ ಮೇಲಿತ್ತು, ಅದು ಕಿರುಚಿಕೊಂಡರೆ ಹಾಡು ಕೇಳುವುದಿಲ್ಲ ಎಂದು ಅವರೇ ಬ್ಯಾಟರಿ ತೆಗೆದಿದ್ದರು. ಮತ್ತೆ ಮಾರುವುದು ಯಾಕೆ ಎಂದರೆ, ಸಿಯಾಟಲ್‌ನಲ್ಲಿರುವ ಮಗಳು ತನ್ನ ಮನೆಗೆ ಕರೆದುಕೊಂಡು ಹೋಗುತ್ತೇನೆಂದು ಹಟ ಹಿಡಿದಿದ್ದಾಳೆ, ಅಲ್ಲಿ ಗಾಡಿಗೆ ಜಾಗವಿಲ್ಲ. ನಾನು ಬಾನೆಟ್ಟು ಎತ್ತಿ ತೋರಿಸಿದೆ. ಕೊನೆಯ ಸಿಲಿಂಡರಿನ ಬಳಿ ಎರಡು ಬೋಲ್ಟಿನ ತಲೆಯೇ ಇರಲಿಲ್ಲ, ಸುತ್ತ ಮಸಿ ಹಿಡಿದಿತ್ತು. ಅಕ್ಕಾರ, ಹಾಡಿದ್ದು ಇದು, ಡಾಕ್ಟರಲ್ಲ ಎಂದೆ. ಅವರು ಆ ಮಸಿಯನ್ನು ಬೆರಳಿನಿಂದ ಮುಟ್ಟಿ ನೋಡಿದರು.

“ಹಾಗಾದ್ರೆ ರಿಪೇರಿ ಮಾಡಿಸಬೇಡಿ” ಎಂದರು.

“ಅಕ್ಕಾರ, ಹಿಂಗ ಕೂತ್ರ ಒಂದು ಭಾನುವಾರ ನೀವೂ ಅವರ ಕಡೀಗೆ ಹೋಗಿಬಿಡ್ತೀರಿ” ಎಂದೆ.

“ಗೊತ್ತು” ಎಂದರು.

ಆ ಒಂದು ಮಾತಿಗೆ ವಿಭಾ ಎದ್ದುಹೋಗಿ ಅವರ ಕೈ ಹಿಡಿದುಕೊಂಡಳು. ಎಷ್ಟೋ ಹೊತ್ತು ಬಿಡಲಿಲ್ಲ. ಮೂರು ದಿನದಿಂದ ನನ್ನ ಜೊತೆ ಮಾತಾಡದ ಮಗಳು ತಿರುಗಿ, “ಅಪ್ಪಾ, ಇದನ್ನ ನೀನೇ ಸರಿ ಮಾಡು. ನಾವ್ ತಗೊಳ್ಳೋದು ಬ್ಯಾಡ, ಆದ್ರ ಸರಿ ಮಾಡು” ಎಂದಳು.

ಗಾಡಿಯನ್ನು ಎಳೆದುಕೊಂಡು ಹೋಗಿ ಒಂದು ಗ್ಯಾರೇಜಿನಲ್ಲಿ ಬಿಟ್ಟೆವು. ಮುರಿದ ಬೋಲ್ಟಿನ ತುಂಡುಗಳನ್ನು ಕೊರೆದು ತೆಗೆಯಲು ಎರಡು ದಿನ ಬೇಕಾಯಿತು. ಹೊಸ ಬೋಲ್ಟು, ಹೊಸ ಗ್ಯಾಸ್ಕೆಟ್ಟು, ಬಾನೆಟ್ಟಿಗೆ ಹೊಸ ರಬ್ಬರು. ಗ್ಯಾರೇಜಿನವರು ಕೈಗವಸು ಹಾಕಿಸಿ ನನ್ನನ್ನೂ ಪಕ್ಕದಲ್ಲಿ ನಿಲ್ಲಿಸಿಕೊಂಡರು. ವಿಷಗಾಳಿ ಅಳೆಯುವ ಹೊಸ ಸಾಧನ ತಂದು ಮುಂದಿನ ಗಾಜಿನ ಬಳಿ ಇಟ್ಟೆ. ಕಳೆದ ಭಾನುವಾರ ಗಾಡಿಯನ್ನು ವಾಪಸು ಒಯ್ದಾಗ ಮೈಥಿಲಮ್ಮ ಕಡೆಯ ಸಲ ಒಂದು ಗಂಟೆ ಕೂತುಕೊಳ್ಳುತ್ತೇನೆ ಎಂದರು, ಕಿಟಕಿ ಮುಚ್ಚಿಕೊಂಡು. ನಾನು ಹೊರಗೆ ಕುರ್ಚಿ ಹಾಕಿಕೊಂಡು ಗಾಜಿನಿಂದ ಆ ಸಾಧನವನ್ನೇ ನೋಡುತ್ತ ಕೂತೆ. ಒಂದು ಗಂಟೆ ಪೂರ್ತಿ ಅದು ಸೊನ್ನೆಯಿಂದ ಕದಲಲಿಲ್ಲ. ತಣ್ಣಗಿದ್ದಾಗಲೂ ಟಿಕ್ ಎಂಬ ಸದ್ದಿಲ್ಲ, ಎಂಜಿನ್ ಹೊಲಿಗೆ ಯಂತ್ರದ ಹಾಗೆ ಓಡುತ್ತಿತ್ತು. ಅವರು ಇಳಿದು ಬಂದು ಕೀಲಿಯನ್ನು ನನ್ನ ಕೈಗಿಟ್ಟರು. ಅವರೇ ಸೆರಗು ಸರಿಮಾಡಿಕೊಂಡು, “ಇವತ್ತು ಮೆಲ್ಲಗೆ ಹಾಡಿದರು” ಎಂದು ಹೇಳಿ ಒಳಗೆ ಹೋದರು.

ಸಾಧನ ಹೊಸದು, ಎರಡು ಸಲ ಪರೀಕ್ಷಿಸಿಯೇ ಇಟ್ಟಿದ್ದೆ. ಅದಕ್ಕಿಂತ ಹೆಚ್ಚು ನನಗೆ ತಿಳಿಯದು, ತಿಳಿದ ಹಾಗೆ ಬರೆಯುವುದೂ ಇಲ್ಲ. ಪುಸ್ತಕದಲ್ಲಿ ಆ ದಿನದ ತಾರೀಖು ಹಾಕಿ, ಮಾಡಿದ ಕೆಲಸವನ್ನೆಲ್ಲ ಬರೆದು, ಕೆಳಗೆ ಗುರುಶಾಂತಪ್ಪ, ಮೆಕ್ಯಾನಿಕ್ ಎಂದು ಸಹಿ ಮಾಡಿದೆ. ಮಂಗಳವಾರ ಮಗಳು ಬಂದು ಅವರನ್ನು ಸಿಯಾಟಲ್‌ಗೆ ಕರೆದೊಯ್ದಳು. ಗಾಡಿಯನ್ನು ಯಾರೋ ಗಂಡಹೆಂಡತಿ ಕೊಂಡರಂತೆ, ನಾಯಿ ಸಾಕಿದವರು. ವಿಕಾಸ ಈಗ ಟೆಂಟು ನೋಡುತ್ತಿದ್ದಾನೆ. ವಿಭಾ ನಿನ್ನೆಯಿಂದ ನನ್ನ ಚಹಕ್ಕೆ ಮೊದಲಿನಂತೆ ಶುಂಠಿ ಹಾಕುತ್ತಿದ್ದಾಳೆ.

ರಮಾಳಿಗೂ ಮಗುವಿಗೂ ನನ್ನ ಆಶೀರ್ವಾದ. ಪಕ್ಕದ ಮನೆಯ ಮಧುಕರನಿಗೆ ನೆನಪು ಹೇಳು. ತನ್ವಿ ತನ್ನ ಹಸಿರು ಆನೆಯನ್ನು ಅಜ್ಜಿಗೆ ಎಂದು ಈ ಲಕೋಟೆಯಲ್ಲೇ ಇಡುತ್ತಿದ್ದಾಳೆ. ಮೊಣಕಾಲಿಗೆ ಎಣ್ಣೆ ಹಚ್ಚು.

ನಿನ್ನ,
ಗುರುಶಾಂತಪ್ಪ

ತಾ.ಕ. ಸಹಿ ಹಾಕಿ ಲಕೋಟೆಗೆ ಅಂಟು ಸವರುವಾಗ ನಮ್ಮ ಬಚ್ಚಲುಮನೆಯ ಗ್ಯಾಸ್ ಗೀಜರು ನೆನಪಾಯಿತು. ಬಾಣಂತನಕ್ಕೆ ಬರುವ ಮಗಳಿಗೆ ಗಾಳಿ ತಾಗಬಾರದೆಂದು ಹೊರಡುವ ಮುನ್ನ ಗವಾಕ್ಷಿಗೆ ಹಲಗೆ ಬಡಿದವನು ನಾನೇ. ಕೂಡಲೇ ಫೋನ್ ಮಾಡಿ ನಿನ್ನ ಮೇಲೆ ಕೂಗಾಡಿದೆ, ಮನಸ್ಸಿಗೆ ಹಚ್ಚಿಕೊಳ್ಳಬೇಡ. ಮಧುಕರ ಹಲಗೆ ಕಿತ್ತು, ಗೀಜರು ಬಿಚ್ಚಿ ಹೊರಗಿಟ್ಟಿದ್ದನ್ನು ವಿಡಿಯೋದಲ್ಲಿ ಕಣ್ಣಾರೆ ಕಂಡ ಮೇಲೆಯೇ ಕುಳಿತೆ. ರಮಾ ಪಕ್ಕದಲ್ಲಿದ್ದಳೆಂದು ಫೋನಿನಲ್ಲಿ ನಾನು ಕಾರಣ ಬಿಡಿಸಿ ಹೇಳಲಿಲ್ಲ. ಎಂಟು ದಿನದಿಂದ ನೀರು ಹಾಕಿಕೊಳ್ಳುವಾಗ ತನ್ನ ಬೆನ್ನ ಹಿಂದೆ ಯಾರೋ ನಿಂತು ಜೋಗುಳ ಹಾಡುತ್ತಾರೆ ಎಂದು ಅವಳು ಹೇಳಿದ್ದಕ್ಕೆ ನೀನು ಬಚ್ಚಲ ಬಾಗಿಲಿಗೆ ನಿಂಬೆಹಣ್ಣು ಕಟ್ಟಿದ್ದೀ ಎಂದೆಯಲ್ಲ. ಅವಳಿಗೂ ಕೂಸಿಗೂ ಇವತ್ತೇ ಆಸ್ಪತ್ರೆಯಲ್ಲಿ ರಕ್ತ ತೋರಿಸು, ನಾಳೆ ಎನ್ನಬೇಡ ಎಂದು ಫೋನಿನಲ್ಲಿ ಹಟ ಹಿಡಿದದ್ದು ಇದಕ್ಕೇ. ನಿಂಬೆಹಣ್ಣು ಬಿಚ್ಚುವುದು ಬೇಡ, ಇರಲಿ. ಗವಾಕ್ಷಿಯನ್ನು ಮಾತ್ರ ಯಾರು ಏನೇ ಹೇಳಿದರೂ ಮುಚ್ಚಬೇಡ.